ಎರಡು ಸೀಟಿನ ಕಾರು, ನೂರು ಸೀಟಿನ ಸೆಕೆ!

ಬೆಳ್ಳಿತೆರೆಯ ಮೇಲೆ ಸ್ಪೋರ್ಟ್ಸ್ ಕಾರು ಓಡಿಸುವ ನಾಯಕನನ್ನು ಸರಿಯಾಗಿ ಗಮನಿಸಿದ್ದೀರಾ, ಮಿತ್ರರೇ? ಕ್ರಾಪು ಹಾರುತ್ತದೆ, ಕೊರಳಿನ ಸ್ಕಾರ್ಫು ಹಾರುತ್ತದೆ, ಪಕ್ಕದಲ್ಲಿ ಕೂತ ನಾಯಕಿಯ ಸೆರಗೂ ಹಾರುತ್ತದೆ. ಬೆವರು ಮಾತ್ರ ಒಂದು ಹನಿ ಇಲ್ಲ! 1968ರಲ್ಲಿ ‘ಜೇಡರ ಬಲೆ’ ಬಂತು, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು. ಅಣ್ಣಾವ್ರು ಪತ್ತೇದಾರರಾದ ಆ ದಿನಗಳಿಂದ ನಮ್ಮ ಹುಡುಗರ ಕನಸಿನಲ್ಲಿ ಒಂದು ಪುಟ್ಟ ಕಾರು ನಿಂತೇ ಇದೆ. ಆದರೆ ಅಂಥ ಕಾರಿನೊಳಗೆ ಸೆಕೆ ಎಷ್ಟು ಅಂತ ಯಾವ ಡೈರೆಕ್ಟರೂ ತೋರಿಸಲಿಲ್ಲ. ನನಗೆ ತೋರಿಸಿದ್ದು ಕಲಬುರಗಿ ಜಿಲ್ಲೆಯ ಮೇ ತಿಂಗಳು.

ಸ್ಪೋರ್ಟ್ಸ್ ಕಾರು ಅಂದರೆ ಬರೀ ಇಟಲಿ, ಇಂಗ್ಲೆಂಡಿನ ಮಾಲು ಅಂದುಕೊಳ್ಳಬೇಡಿ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕಂಪನಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ಕಾರು ಹೊರತಂದಿತ್ತು. ಫೈಬರ್‌ಗ್ಲಾಸ್ ಬಾಡಿ, ಫ್ರಾನ್ಸಿನ ರೆನೋ ಕಂಪನಿಯ 1,149 ಸಿ.ಸಿ. ಎಂಜಿನ್, ತಯಾರಾಗುತ್ತಿದ್ದದ್ದು ಗೋವಾದಲ್ಲಿ. ನಾನು ಕೂತದ್ದು ಅದರಲ್ಲಲ್ಲ. ಚಿತ್ತಾಪುರದ ನನ್ನ ಗೆಳೆಯ ಹೈದರಾಬಾದಿನಿಂದ ತಂದದ್ದು ನಾಲ್ಕು ಕೈ ಬದಲಾದ, ಚಳಿ ದೇಶದಲ್ಲಿ ಹುಟ್ಟಿದ ಹಳೇ ಕಾರು. ಅದರ ಹೆಸರು ಬೇಡ. ತಪ್ಪು ಕಾರಿನದಲ್ಲ, ನಡುವೆ ಅದನ್ನು ಬಿಚ್ಚಿ ಕಟ್ಟಿದ ಕೈಗಳದು.

ವಾಡಿಯಿಂದ ಹೊರಟೆವು

ಮುಂಬೈ-ಚೆನ್ನೈ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವ ಜಂಕ್ಷನ್ ವಾಡಿ. ಆ ಕವಲು ನಿಜಾಮರ ಕಾಲದ್ದು, 1874ರದು. ‘ಜೇಡರ ಬಲೆ’ ಬಂದ 1968ರಲ್ಲೇ ಇಲ್ಲಿ ಎ.ಸಿ.ಸಿ. ಸಿಮೆಂಟ್ ಕಾರ್ಖಾನೆಯೂ ಶುರುವಾಯಿತು. ರೈಲಿಳಿದು ಹೊರಗೆ ಬಂದರೆ ಬೇವಿನ ಮರದ ಎಲೆಯ ಮೇಲೂ ಬೂದಿ ಬಣ್ಣದ ಧೂಳು. ಆ ಧೂಳಿನ ನಡುವೆ ಕೆಂಪಗೆ ಮಿಂಚುತ್ತ ನಿಂತಿತ್ತು ನಮ್ಮ ಹೀರೋ ಕಾರು!

“ಬಾ ದೋಸ್ತ, ಕೂಡು. ಸಂಜೀಕ ಚಿಂಚೋಳಿ ಕಾಡಿನ್ಯಾಗ ಚಾ ಕುಡಿಯೂಣು” ಅಂದ ಗೆಳೆಯ.

ಕೂತೆ. ಕೂತೆ ಅನ್ನುವುದಕ್ಕಿಂತ ಇಳಿದೆ ಅನ್ನಿ. ಸೀಟು ನೆಲಕ್ಕೆ ಅಂಟಿದ ಹಾಗಿದೆ. ಕಾಲು ನೇರವಾಗಿ ಎಂಜಿನ್ ಕಡೆಗೆ ಚಾಚಬೇಕು. ನಡುವೆ ಉಬ್ಬಿದ ತಗಡಿನ ಸುರಂಗ, ಅದರ ಕೆಳಗೆ ಸೈಲೆನ್ಸರ್ ಪೈಪು. ತಲೆಯ ಮೇಲೆ ಒಂದು ಗೇಣು ಜಾಗ. ದೊಡ್ಡ ಕಾರಿನಲ್ಲಿ ಬಿಸಿ ಹರಡಿಕೊಳ್ಳಲು ಜಾಗವಿರುತ್ತದೆ, ಇಲ್ಲಿ ಬಿಸಿಗೂ ನಮಗೂ ಒಂದೇ ರೂಮು. ಭಾರ ಕಡಿಮೆ ಇರಲಿ ಅಂತ ಇಂಥ ಕಾರಿಗೆ ಒಳಹೊದಿಕೆಯೂ ತೆಳ್ಳಗೆ. ಚಿತ್ತಾಪುರ ಮುಟ್ಟುವಷ್ಟರಲ್ಲಿ ಗೇರು ರಾಡನ್ನು ಕರವಸ್ತ್ರ ಸುತ್ತಿ ಹಿಡಿಯಬೇಕಾಯಿತು.

“ಏನಪ್ಪಾ ಇದು, ಕಾರೋ ಹಂಚೋ?” ಅಂದೆ.

“ಗಂಡಸಾಗಿ ಹುಟ್ಟಿ ಶೆಕಿಗೆ ಅಂಜ್ತಿಯೇನು?” ಅಂತ ನಕ್ಕ. ಮನೆಯಲ್ಲಿ ಅವರ ಕಾಕಾ ಕಾರು ಮಾರಲು ಗಂಟು ಬಿದ್ದಿದ್ದರಂತೆ. ಇವನು ಹಟಕ್ಕೆ ಬಿದ್ದು, ಸೆಕೆಯ ಮಾತನ್ನೇ ಬಾಯಿಗೆ ತರುತ್ತಿರಲಿಲ್ಲ.

ಮಳಖೇಡದ ಹಾದಿಯಲ್ಲಿ

ಚಿತ್ತಾಪುರ ದಾಟಿ ಮಳಖೇಡದ ಹಾದಿ ಹಿಡಿದೆವು. ಸೇಡಂ ತಾಲೂಕಿನ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಕಾಗಿಣಾ ನದಿಯ ದಡದಲ್ಲಿ ಕೋಟೆ ಇದೆ. ಅದನ್ನು ತೋರಿಸು ಎಂದು ಗೆಳೆಯನಿಗೆ ಹೇಳಿದೆ. ಉತ್ತರ ಬರಲಿಲ್ಲ. ಎರಡನೇ ಸಲ ಕೇಳಿದೆ. “ಹೂಂ, ಟಿಕೀಟ ತಗೊಂಡೀನಿ” ಅಂದ!

ಯಾವ ಟಿಕೆಟ್ಟು? ತಿರುಗಿ ನೋಡಿದರೆ ಮುಖ ಕೆಂಡ, ಕಣ್ಣು ಎಲ್ಲೋ. ನಾಲ್ಕನೇ ಗೇರಿನ ಬದಲು ಎರಡಕ್ಕೆ ಎಳೆದ, ಕಾರು ಚೀರಿತು. ಎದುರಿಗೆ ಸಿಮೆಂಟಿನ ಬಲ್ಕರ್ ಲಾರಿ ಬರುತ್ತಿತ್ತು. ನಾನೇ ಸ್ಟೀರಿಂಗ್ ಹಿಡಿದು ಎಡಕ್ಕೆ ಎಳೆದೆ, ಹ್ಯಾಂಡ್‌ಬ್ರೇಕ್ ಹಾಕಿದೆ. ಮಣ್ಣಿಗಿಳಿದು ನಿಂತೆವು. ಸಿನಿಮಾದ ಸ್ಟಂಟ್ ಅಲ್ಲ ಸ್ವಾಮಿ, ಡ್ಯೂಪ್ ಇರಲಿಲ್ಲ!

ಆ ಬಲ್ಕರ್ ಡ್ರೈವರ್ ದೇವರ ಹಾಗೆ ಇಳಿದು ಬಂದ. “ಬಿಸಲ ಬಡದದ ರೀ ಅಣ್ಣಾರ, ಮೊದ್ಲ ನೆರಳಿಗಿ ತರ್ರಿ” ಅಂದ. ಇಬ್ಬರೂ ಸೇರಿ ಬೇವಿನ ಮರದ ಕೆಳಗೆ ಮಲಗಿಸಿದೆವು. ಅಂಗಿ ಬಿಚ್ಚಿ, ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು, ಇದೇ ಪತ್ರಿಕೆಯ ಹಳೇ ಸಂಚಿಕೆಯಿಂದ ಗಾಳಿ ಹಾಕಿದೆ. ಮೈ ಒದ್ದೆಯಾಗಿ ಗಾಳಿ ಆಡಿದರೆ ನೀರು ಆರುತ್ತ ಆರುತ್ತ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಮಡಿಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಮಾತು ತಪ್ಪಿದವನಿಗೆ ನೀರು ಕುಡಿಸಬಾರದು, ಉಸಿರಿನ ದಾರಿಗೆ ಹೋದೀತು. ನೆಟ್ಟಗೆ ಮಾತಾಡುವವನಿಗೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಬೇಕು. ಮೈ ಕಾವು 40 ಡಿಗ್ರಿ ದಾಟಿ ಮಾತು ತಪ್ಪಿದರೆ ಮನೆಮದ್ದಿಗೆ ಕಾಯುವ ಹಾಗಿಲ್ಲ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೇ ಒಯ್ಯಬೇಕು. ನಮಗೆ ಆ ಬಲ್ಕರ್ರೇ 108 ಆಯಿತು.

ಸೇಡಂನ ಡಾಕ್ಟರು ಸಲೈನ್ ಹಾಕಿದರು. ಸಂಜೆ ಹೊತ್ತಿಗೆ ಗೆಳೆಯ ಗೆಳೆಯನಾದ. ಆಗ ಡಾಕ್ಟರು ಒಂದು ಪ್ರಶ್ನೆ ಕೇಳಿದರು. “ಗಾಡಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟಾಗ್ಲೂ ತಲಿ ನೋಯ್ತದೇನು?”

“ಹೌದ್ರೀ ಸರ್. ಗೇಟ್ ಬಿದ್ದಾಗ ಜಾಸ್ತಿ ನೋಯ್ತದ.”

“ಹಂಗಾದ್ರ ಬರೀ ಬಿಸಲಲ್ಲ. ಹೊಗಿ ಒಳಗ ಬರ್ತದ, ನೋಡಿಸ್ರಿ.”

ಎದೆ ಝಲ್ಲೆಂದಿತು. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗಕ್ಕೆ ತಾನೇ ಹೋಗಿ ಕೂರುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಕು, ಆಮೇಲೆ... ‘ಶುಭಂ’!

ಶಹಾಬಾದದ ಚಾಚಾ

“ಶಹಾಬಾದಿಗಿ ಒಯ್ರಿ. ಅಲ್ಲಿ ಬಾಯ್ಲರ್ ಮಂದಿ ಅದಾರ, ಬೆಂಕಿ ಜೋಡಿ ಬಾಳ್ವಿ ಮಾಡಿದವ್ರು” ಎಂದು ದಾರಿ ತೋರಿಸಿದವನೂ ಬಲ್ಕರ್ ಡ್ರೈವರೇ. ಮರುದಿನ ಬೆಳಗಿನ ಜಾವ, ಹೊತ್ತು ಹುಟ್ಟುವ ಮೊದಲು, ಕಿಟಕಿ ಪೂರ್ತಿ ಇಳಿಸಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟೆವು. ಚಿತ್ತಾಪುರ, ವಾಡಿ ದಾಟಿದರೆ ಶಹಾಬಾದ.

ಶಹಾಬಾದ ಅಂದರೆ ನಿಮಗೆ ನೆನಪಾಗುವುದು ನೆಲಕ್ಕೆ ಹಾಸುವ ಫರಸಿ ಕಲ್ಲು. ಆದರೆ ಎ.ಸಿ.ಸಿ.-ವಿಕರ್ಸ್-ಬ್ಯಾಬ್‌ಕಾಕ್ ಕಾರ್ಖಾನೆ ಇದ್ದ ಕಾಲದಲ್ಲಿ ಇಲ್ಲಿ ಬಾಯ್ಲರುಗಳೂ ತಯಾರಾಗುತ್ತಿದ್ದವು. ನಮಗೆ ಸಿಕ್ಕ ಚಾಚಾ ಆ ಕೆಲಸದಲ್ಲೇ ತಲೆ ಹಣ್ಣಾದವರು. ಪಿ.ಯು.ಸಿ.ಗೆ ಅರ್ಧಕ್ಕೇ ಸಲಾಂ ಹೊಡೆದ ನನಗೆ ಬಿಟ್ಟುಹೋದ ಭೌತಶಾಸ್ತ್ರದ ಪಾಠ ಮಾಡಿದವರು ಅವರೇ.

“ಬೇಟಾ, ಶೆಕಿ ಮೂರು ದಾರೀಲೆ ಬರ್ತದ. ಮುಟ್ಟಿ ಬರ್ತದ, ಗಾಳಿ ಹಿಡ್ದು ಬರ್ತದ, ಮುಟ್ಟದೇನ ಝಳ ಆಗಿ ಬರ್ತದ. ಯಾವ ದಾರಿ ಅಂತ ಹುಡುಕ್ಬೇಕು, ಅಲ್ಲೇ ಬಾಗಲ ಹಾಕ್ಬೇಕು. ವಾಡಿ ಸಿಮೆಂಟ್ ಭಟ್ಟಿಯೊಳಗ 1,450 ಡಿಗ್ರಿ ಇರ್ತದ. ಹೊರಗಿನ ಉಕ್ಕು ಯಾಕ ಮೆತ್ತಗಾಗಲ್ಲ? ಒಳಗ ಬೆಂಕಿ ಇಟ್ಟಂಗಿ ಕಟ್ಟ್ಯಾರ. ಬೆಂಕಿ ಹತ್ರನೇ ತಡೀಬೇಕು. ಮೈಗಿ ಹತ್ತಿದ ಮ್ಯಾಲ ಫ್ಯಾನ್ ಹಾಕಿದ್ರ ಏನ್ ಬಂತು?”

ಮೊದಲು ಹೊಗೆಯ ಪರೀಕ್ಷೆ. ತಣ್ಣಗಿದ್ದ ಎಂಜಿನ್ ಹಚ್ಚಿಸಿ, ಹಿಂದಿನ ಪೈಪಿನ ಬಾಯಿಗೆ ಒದ್ದೆ ಚಿಂದಿಯನ್ನು ಒಂದು ಕ್ಷಣ ಒತ್ತಿ ಹಿಡಿಸಿದರು. ಮುಂದೆ ಪೈಪಿನ ಜೋಡಣೆಯಲ್ಲಿ ‘ಪುಸ್ ಪುಸ್’ ಸದ್ದು! ಸುತ್ತ ಕಪ್ಪು ಮಸಿ. ಹಳೇ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡಿನಲ್ಲಿ ವೈರು, ಕೇಬಲ್ಲು ಹಾಯುವ ತೂತುಗಳ ರಬ್ಬರ್ ಬುಷ್ಷುಗಳು ಪುಡಿಯಾಗಿ ಉದುರಿದ್ದವು. ಹೊಗೆಗೂ ಬಿಸಿಗಾಳಿಗೂ ಅದೇ ಹೆಬ್ಬಾಗಿಲು. ಹೊಸ ಗ್ಯಾಸ್ಕೆಟ್, ಹೊಸ ಬುಷ್ಷು. ಒಂದು ದಾರಿ ಬಂದ್.

ಎರಡನೆಯದು ತಮಾಷೆಯದು. ಚಳಿ ದೇಶದ ಕಾರಲ್ಲವೇ, ಡ್ಯಾಶ್‌ಬೋರ್ಡಿನ ಹಿಂದೆ ಹೀಟರ್ ಇತ್ತು. ಎಂಜಿನ್ನಿನ ಸುಮಾರು 90 ಡಿಗ್ರಿ ಬಿಸಿನೀರು ಅದರ ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ. ಹೀಟರ್ ಬಂದ್ ಮಾಡುವ ನಲ್ಲಿ ತುಕ್ಕು ಹಿಡಿದು ತೆರೆದೇ ನಿಂತಿತ್ತು. ಅಂದರೆ ಕಲಬುರಗಿಯ ಮೇ ತಿಂಗಳಲ್ಲಿ ನಾವು ಹೀಟರ್ ಹಾಕಿಕೊಂಡು ಓಡಾಡುತ್ತಿದ್ದೆವು! ಎಂಜಿನ್ ಆರಿದ ಮೇಲೆ ಚಾಚಾ ಎರಡೂ ಹೋಸ್ ಬಿಚ್ಚಿ, ಅವನ್ನು ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿದರು. ನೀರು ಹೀಟರಿಗೆ ಹೋಗದೆ ಹಿಂದಕ್ಕೆ ತಿರುಗಿತು. ಖರ್ಚು ಒಂದು ತುಂಡು ಪೈಪಿನದು, ಅಷ್ಟೇ.

ಮೂರನೆಯದು ಸೈಲೆನ್ಸರ್ ಪೈಪಿನ ಝಳ. ಪೈಪಿಗೂ ನೆಲದ ತಗಡಿಗೂ ನಡುವೆ ಇರಬೇಕಾದ ಅಡ್ಡತಗಡನ್ನು ಯಾರೋ ರಿಪೇರಿಯಲ್ಲಿ ಕಿತ್ತು ಎಸೆದಿದ್ದರು. ಚಾಚಾ ಅಲ್ಯೂಮಿನಿಯಂ ಹಾಳೆ ಕತ್ತರಿಸಿ, ವಾಷರ್ ಕೊಟ್ಟು, ಪೈಪಿಗೂ ತಾಗದಂತೆ ನೆಲಕ್ಕೂ ತಾಗದಂತೆ ನಡುವೆ ನಿಲ್ಲಿಸಿದರು. “ಬೆರಳು ಹೋಗೋವಷ್ಟು ಸಂದು ಬಿಡ್ಬೇಕು. ಹೊಳಪು ಝಳ ತಿರಗಸ್ತದ, ಸಂದಿನ ಗಾಳಿ ಉಳಿದದ್ದು ಒಯ್ತದ. ಒತ್ತಿ ಕಟ್ಟಿದ್ರ ತಗಡೂ ಹಂಚಾಗ್ತದ.”

“ಆಸ್ಬೆಸ್ಟಾಸ್ ಸುತ್ತೂಣೇನು ಚಾಚಾ?” ಅಂದ ಗೆಳೆಯ. ಚಾಚಾ ನಗಲಿಲ್ಲ. “ಬ್ಯಾಡ ಬೇಟಾ. ಅದರ ಧೂಳು ಪುಪ್ಪಸದಾಗ ಕೂಡ್ತದ, ವರ್ಷಗಟ್ಟಲೆ ಆದಮ್ಯಾಲ ಲೆಕ್ಕ ಕೇಳ್ತದ” ಎಂದು ಸುಮ್ಮನಾದರು. ಪೈಪಿನ ಹತ್ತಿರ ಫೋಮು, ಗೋಣಿತಟ್ಟು ತುರುಕುವುದೂ ಬೇಡ. ಅದು ಸೆಕೆ ತಡೆಯುವುದಲ್ಲ, ಬೆಂಕಿಗೆ ಆಮಂತ್ರಣ.

ಉಳಿದದ್ದು ಬಿಸಿಲಿನ ಪಾಲು. ನಿಲ್ಲಿಸುವಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಪರದೆ, ಕಪ್ಪು ಸೀಟಿಗೆ ಬಿಳಿ ಬಟ್ಟೆ. ಬಿಸಿಲಲ್ಲಿ ನಿಂತ ಕಾರನ್ನು ಹತ್ತುವ ಮೊದಲು ಎರಡೂ ಬಾಗಿಲು ತೆರೆದು ಬಿಸಿಗಾಳಿ ಹೊರಡಿಸಬೇಕು. ಓಡುವಾಗಲೂ ಒಳಗೆ ಬಂದ ಗಾಳಿಗೆ ಹೊರಹೋಗಲು ಹಿಂದೆ ಒಂದು ಸಂದು ಬೇಕು. ಈ ಊರಿನ ಅಜ್ಜಿಯರನ್ನು ಕೇಳಿ. ಬರೀ ಫರಸಿ ಹೊದಿಸಿದ ಮನೆ ನಡುರಾತ್ರಿಯಲ್ಲೂ ಕಾವು ಉಗುಳುತ್ತದೆ, ದಪ್ಪ ಮಣ್ಣಿನ ಹಳೇ ಮಾಳಿಗೆ ತಂಪಾಗಿರುತ್ತದೆ. ವಿದ್ಯೆ ಅದೇ, ಕಾರು ಮಾತ್ರ ಬೇರೆ.

ಚಿಂಚೋಳಿಯ ಚಹಾ

ಎರಡು ದಿನ ಬಿಟ್ಟು ಮತ್ತೆ ಅದೇ ಹಾದಿ. ವಾಡಿ, ಚಿತ್ತಾಪುರ, ಮಳಖೇಡ, ಸೇಡಂ. ಬಿಸಿಲೇನೂ ಕಡಿಮೆಯಾಗಿರಲಿಲ್ಲ. ಕಾರು ಊಟಿಯಾಯಿತು ಅಂತ ಬುರುಡೆ ಬಿಡಲಾರೆ, ಬೆವರು ಸುರಿಯಿತು. ಆದರೆ ಹೊರಗೆಷ್ಟೋ ಒಳಗೂ ಅಷ್ಟೇ. ಗೇರು ರಾಡಿಗೆ ಕರವಸ್ತ್ರ ಬೇಕಾಗಲಿಲ್ಲ, ತಲೆನೋವು ಬರಲಿಲ್ಲ. ಗಂಟೆಗೊಮ್ಮೆ ನೆರಳು ಕಂಡಲ್ಲಿ ನಿಂತು ನೀರು ಕುಡಿದೆವು. ನಿಲ್ಲೋಣ ಅಂತ ಮೊದಲು ಬಾಯಿಬಿಟ್ಟವನು, ಗಂಡಸುತನದ ಮಾತಾಡಿದ್ದ ನನ್ನ ಗೆಳೆಯನೇ!

ಚಿಂಚೋಳಿ ದಾಟಿದ ಮೇಲೆ ಕಲ್ಲುಗಣಿ, ಸಿಮೆಂಟ್ ಧೂಳು ಹಿಂದೆ ಉಳಿದು ಮರಗಳು ಎದುರಾಗುತ್ತವೆ. 2011ರಲ್ಲಿ ಇಲ್ಲಿನ ಸುಮಾರು 135 ಚದರ ಕಿಲೋಮೀಟರ್ ಕಾಡು ವನ್ಯಜೀವಿ ಧಾಮವಾಯಿತು. ಬಿಸಿಲನಾಡಿನಲ್ಲಿ ಇಷ್ಟು ಹಸಿರೇ ಅಂತ ಕಣ್ಣುಜ್ಜಿಕೊಳ್ಳಬೇಕು. ಚಂದ್ರಂಪಳ್ಳಿ ಕೆರೆಯ ಗಾಳಿ ಮುಖಕ್ಕೆ ಬಡಿದಾಗ ಗೆಳೆಯ ಕಾಕಾಗೆ ಫೋನ್ ಹಚ್ಚಿದ. “ಕಾಕಾ, ಗಾಡಿ ಮಾರೂದಿಲ್ರೀ. ನಾಳಿ ನಿಮ್ಮನ್ನೇ ಕೂಡಿಸ್ಕೊಂಡು ಬರ್ತೀನಿ.”

ಅಷ್ಟರಲ್ಲಿ ಹುಡುಗರ ಹಿಂಡು ಕೆಂಪು ಕಾರಿಗೆ ಮುತ್ತಿತು. “ಅಣ್ಣಾ, ಯಾವ ಸಿನಿಮಾದ ಶೂಟಿಂಗ್ ರೀ?”

ಗೆಳೆಯ ಚಹಾದ ಲೋಟ ಮೇಲೆತ್ತಿ ಅಂದ: “ಶೂಟಿಂಗ್ ಮುಗದದ ತಮ್ಮಾ. ಹೀರೋ ಬದುಕ್ಯಾನ!”