ಮೈನ್ ನದಿಯಿಂದ ಡ್ಯಾನ್ಯೂಬಿನವರೆಗೆ

ಜರ್ಮನಿಯನ್ನು ರೈಲಿನಲ್ಲಿ ಹಾದುಹೋಗುವವರಿಗೆ ಆ ದೇಶದ ವೇಗವಷ್ಟೇ ಕಾಣುತ್ತದೆ. ಅಲ್ಲಿಯ ಪುರಾತನ ಪಟ್ಟಣಗಳ ಮುಖದರ್ಶನವಾಗಬೇಕಾದರೆ ನದಿಯ ದಾರಿಯನ್ನೇ ಹಿಡಿಯಬೇಕು. ಅವು ಬೆಳೆದದ್ದು ನದಿಗೆ ಅಭಿಮುಖವಾಗಿ. ವ್ಯೂರ್ಟ್ಸ್‌ಬುರ್ಗಿನಿಂದ ಪಾಸಾವಿನವರೆಗೆ ನಾವು ದಂಪತಿಗಳು ಕೈಗೊಂಡ ಒಂದು ವಾರದ ನೌಕಾಯಾನದಲ್ಲಿ ಈ ಮಾತು ನಮಗೆ ಮನವರಿಕೆಯಾಯಿತು. ನಮ್ಮ ಹಡಗು ಅವಸರವನ್ನೇ ಅರಿಯದು. ದಂಡೆಯ ಮೇಲೆ ಸೈಕಲ್ ತುಳಿಯುವ ಬಾಲಕರು ನಮ್ಮನ್ನು ಹಿಂದಿಕ್ಕಿ, ಕೈಬೀಸಿ ಹೋಗುತ್ತಿದ್ದರು.

ವ್ಯೂರ್ಟ್ಸ್‌ಬುರ್ಗಿನಲ್ಲಿ ಮೈನ್ ನದಿಯ ಇಳಿಜಾರುಗಳೆಲ್ಲ ದ್ರಾಕ್ಷಿಯ ತೋಟಗಳು. 1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಿರಣಗಳನ್ನು ಕಂಡುಹಿಡಿದದ್ದು ಈ ಊರಿನ ವಿಶ್ವವಿದ್ಯಾಲಯದಲ್ಲಿಯೇ. ವಾಸ್ತುಶಿಲ್ಪಿ ಬಾಲ್ತಸಾರ್ ನೋಯ್‌ಮನ್ ಕಟ್ಟಿದ ಅರಮನೆಯ ಸೋಪಾನಮಂಟಪದಲ್ಲಿ ತಲೆಯೆತ್ತಿ ನಿಂತರೆ, ವೆನಿಸ್ಸಿನ ಚಿತ್ರಕಾರ ಟಿಯೆಪೊಲೊ 1752–53ರಲ್ಲಿ ಬರೆದ ವಿಶಾಲವಾದ ಭಿತ್ತಿಚಿತ್ರ ಕಣ್ಣು ತುಂಬುತ್ತದೆ. 1945ರ ಮಾರ್ಚ್ 16ರ ರಾತ್ರಿ ಬಾಂಬುಗಳ ಮಳೆಗೆ ಹಳೆಯ ಪಟ್ಟಣದ ಬಹುಭಾಗ ಸುಟ್ಟುಹೋಯಿತು. ಈ ಕಲ್ಲಿನ ಛಾವಣಿ ಮಾತ್ರ ಉಳಿಯಿತು. ಇಂದು ನಾವು ಪ್ರಾಚೀನವೆಂದು ಮೆಚ್ಚುವ ಬೀದಿಗಳಲ್ಲಿ ಅನೇಕವು ಯುದ್ಧಾನಂತರ ಜನರು ಮರಳಿ ಕಟ್ಟಿದವು.

ಯುದ್ಧದ ಪೆಟ್ಟು ಅಷ್ಟಾಗಿ ತಾಗದ ಬಾಂಬೆರ್ಗ್ 1993ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ಅದರ ಹಳೆಯ ಪುರಭವನ ರೇಗ್ನಿಟ್ಸ್ ನದಿಯ ನಡುವೆಯೇ ನಿಂತಿದೆ. ಕಟ್ಟಡಕ್ಕೆ ಬಿಷಪ್ಪರು ನೆಲ ಕೊಡಲೊಪ್ಪದಿರಲು ನಾಗರಿಕರು ನೀರಿನಲ್ಲಿಯೇ ಕಂಬ ನೆಟ್ಟು ಕಟ್ಟಿದರೆಂಬುದು ಐತಿಹ್ಯ.

ಇಲ್ಲಿಂದ ಮುಂದೆ ಹಡಗು ಬೆಟ್ಟವೇರುತ್ತದೆ! ಮೈನ್ ಮತ್ತು ಡ್ಯಾನ್ಯೂಬುಗಳನ್ನು ಕೂಡಿಸಲು ಸಾಮ್ರಾಟ ಶಾರ್ಲಮೇನ್ 793ರಲ್ಲಿಯೇ ಕಾಲುವೆ ತೋಡಿಸಲು ತೊಡಗಿದ್ದನು. ಇಂದಿನ 171 ಕಿಲೋಮೀಟರ್ ಉದ್ದದ ಕಾಲುವೆ ಪೂರ್ಣಗೊಂಡದ್ದು 1992ರಲ್ಲಿ. ದಾರಿಯಲ್ಲಿ 16 ಜಲದ್ವಾರಗಳಿವೆ. ಹಡಗು ಕಾಂಕ್ರೀಟಿನ ತೊಟ್ಟಿಯನ್ನು ಹೊಕ್ಕೊಡನೆ ಹಿಂದಿನ ಬಾಗಿಲು ಮುಚ್ಚುತ್ತದೆ. ನೀರು ತುಂಬುತ್ತ ಹಡಗನ್ನು ಮೆಲ್ಲಗೆ ಎತ್ತುತ್ತದೆ. ಕೆಲವೆಡೆ ಈ ಏರಿಕೆ ಸುಮಾರು 25 ಮೀಟರು. ಸಮುದ್ರಮಟ್ಟದಿಂದ 406 ಮೀಟರ್ ಎತ್ತರದ ನೆತ್ತಿಯನ್ನು ದಾಟಿದ ಮೇಲೆ ಇಳಿಜಾರು. ಈಚೆಗೆ ಬಿದ್ದ ಮಳೆ ಉತ್ತರ ಸಮುದ್ರಕ್ಕೆ, ಆಚೆಗೆ ಬಿದ್ದದ್ದು ಕಪ್ಪು ಸಮುದ್ರಕ್ಕೆ. ಆ ದಿನ ಮಧ್ಯಾಹ್ನ ಅಡುಗೆಯವರು ಸಸ್ಯಾಹಾರಿಗಳಾದ ನಮಗಾಗಿ ಆ ಋತುವಿನ ಬಿಳಿ ಆಸ್ಪರಾಗಸ್ ಮತ್ತು ಬೇಯಿಸಿದ ಆಲೂಗಡ್ಡೆ ಬಡಿಸಿದರು. ಮನೆಯಿಂದ ಒಯ್ದ ಶೇಂಗಾ ಚಟ್ನಿ ಅದಕ್ಕೆ ಚೆನ್ನಾಗಿ ಹೊಂದಿತು.

ಕಾಲುವೆಯ ದಡದ ನ್ಯೂರೆಂಬರ್ಗಿನಲ್ಲಿ ನಮ್ಮ ಮನಸ್ಸು ಭಾರವಾಯಿತು. ಮಹಾಚಿತ್ರಕಾರ ಡ್ಯೂರರನ ಮನೆಯಿರುವ ಊರಿನಲ್ಲಿಯೇ ಹಿಟ್ಲರನ ಪಕ್ಷದ ಬೃಹತ್ ಸಮಾವೇಶಗಳು ನಡೆದವು. ಆ ಮೈದಾನವನ್ನು ಊರಿನವರು ನೆಲಸಮ ಮಾಡಲಿಲ್ಲ. ಅಲ್ಲಿಯ ಅಪೂರ್ಣ ಸಭಾಭವನದೊಳಗೆ 2001ರಲ್ಲಿ ದಾಖಲೆಗಳ ಸಂಗ್ರಹಾಲಯವನ್ನು ತೆರೆದರು. ಯುದ್ಧಾಪರಾಧಿಗಳ ವಿಚಾರಣೆ 1945–46ರಲ್ಲಿ ನಡೆದ ನ್ಯಾಯಾಲಯದ 600ನೆಯ ಸಂಖ್ಯೆಯ ಸಭಾಂಗಣವನ್ನೂ ಕಾಯ್ದಿರಿಸಿದ್ದಾರೆ. ಶಿಕ್ಷಕರ ಹಿಂದೆ ಮೌನವಾಗಿ ನಡೆಯುತ್ತಿದ್ದ ಶಾಲಾಮಕ್ಕಳನ್ನು ನಾವು ಅಲ್ಲಿ ಕಂಡೆವು. ತಮ್ಮ ಹಿರಿಯರ ಅಪರಾಧವನ್ನು ಮಕ್ಕಳಿಗೆ ತೋರಿಸಲು ಎಷ್ಟು ಧೈರ್ಯ ಬೇಕು!

ಡ್ಯಾನ್ಯೂಬಿನ ದಡದ ರೇಗೆನ್ಸ್‌ಬುರ್ಗಿನಲ್ಲಿ 12ನೆಯ ಶತಮಾನದ ಕಲ್ಲಿನ ಸೇತುವೆ ಇಂದಿಗೂ ಜನರನ್ನು ದಾಟಿಸುತ್ತಿದೆ. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಊರ ನಡುವಿನ ಒಂದು ಚೌಕ. 1519ರಲ್ಲಿ ಪಟ್ಟಣದವರು ಯಹೂದ್ಯರನ್ನು ಹೊರಗಟ್ಟಿ, ಅವರ ಕೇರಿಯನ್ನೂ ಪ್ರಾರ್ಥನಾಮಂದಿರವನ್ನೂ ಕೆಡವಿದರು. ಆ ಮಂದಿರದ ತಳವಿನ್ಯಾಸವನ್ನು ಇಸ್ರೇಲಿನ ಶಿಲ್ಪಿ ಡಾನಿ ಕಾರವಾನ್ ಬಿಳಿಯ ಕಾಂಕ್ರೀಟಿನಲ್ಲಿ ನೆಲದ ಮೇಲೆ ಮೂಡಿಸಿದ್ದಾರೆ. 2005ರಲ್ಲಿ ಅದು ಸಾರ್ವಜನಿಕರಿಗೆ ಸಂದಿತು. ಅದರ ಕಂಬಗಳ ಬುಡದಂತಹ ಪೀಠಗಳ ಮೇಲೆ ಮುದುಕರು ಕುಳಿತು ಬಿಸಿಲು ಕಾಯುತ್ತಿದ್ದರು.

ಯಾನದ ಕೊನೆಯ ಊರು ಪಾಸಾವ್. ಡ್ಯಾನ್ಯೂಬ್, ಇನ್, ಇಲ್ಟ್ಸ್ ನದಿಗಳ ಸಂಗಮವದು. ಪುರಭವನದ ಗೋಡೆಯ ಮೇಲೆ ನೆರೆ ಏರಿದ ಎತ್ತರಗಳನ್ನು ಇಸವಿಗಳೊಡನೆ ಗುರುತಿಸಿದ್ದಾರೆ. 2013ರ ಜೂನಿನಲ್ಲಿ ನೀರು 12.89 ಮೀಟರಿಗೆ ಏರಿತ್ತು. 1501ರ ನಂತರ ಅಷ್ಟು ದೊಡ್ಡ ನೆರೆ ಬಂದಿರಲಿಲ್ಲ. ನಮ್ಮ ತಲೆಗಿಂತ ಬಹು ಮೇಲಿದ್ದ ಆ ಗೆರೆಯನ್ನು ನೋಡುತ್ತ ನ್ಯೂರೆಂಬರ್ಗಿನ ಮೈದಾನವೂ ರೇಗೆನ್ಸ್‌ಬುರ್ಗಿನ ಚೌಕವೂ ಇಂತಹ ಗುರುತುಗಳೇ ಅಲ್ಲವೇ ಎಂದುಕೊಂಡೆವು. ಗೋಡೆಗೆ ಸುಣ್ಣ ಬಳಿದು ಗೆರೆಯನ್ನು ಅಳಿಸುವುದು ಸುಲಭ. ಆದರೆ ಮುಂದೆ ಆ ಮನೆಯಲ್ಲಿ ಬಾಳಬೇಕಾದ ಮಕ್ಕಳಿಗೆ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ತಿಳಿದಿರಬೇಕು.