ಡಾರ್ವಿನ್‌ಗೆ ಬಂದ ಫೋನು

ಗೂಢಚಾರರ ಕಥೆ ಬೇಕು ಅಂದ್ರಲ್ಲ, ಹೇಳ್ತೀನಿ. ಆದರೆ ಇದರಲ್ಲಿ ಗುಂಡು ಹಾರೋದಿಲ್ಲ. ಇರೋದು ಒಬ್ಬ ಕುಡುಕ ಗಂಡ, ಒಬ್ಬಳು ಚುರುಕು ಹೆಂಡತಿ, ಒಂದು ಕೋಳಿ ಫಾರಂ ಕನಸು, ಕಾಲಿಂದ ಕಳಚಿಬಿದ್ದ ಒಂದು ಷೂ. ನಡೆದದ್ದು ಆಸ್ಟ್ರೇಲಿಯಾದಲ್ಲಿ, 1954ರ ಏಪ್ರಿಲ್‌ನಲ್ಲಿ. ಅಮೆರಿಕ, ರಷ್ಯಾ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡ್ತಿದ್ದ ಕಾಲ.

ವ್ಲಾದಿಮಿರ್ ಪೆಟ್ರೋವ್ 1951ರಲ್ಲಿ ಕ್ಯಾನ್‌ಬೆರಾದ ಸೋವಿಯತ್ ರಾಯಭಾರ ಕಚೇರಿಗೆ ಬಂದ. ಹೊರಗಿನವರಿಗೆ ಮೂರನೇ ಕಾರ್ಯದರ್ಶಿ, ಒಳಗೆ ಗುಪ್ತಚರ ಇಲಾಖೆಯ ಕರ್ನಲ್. ಹೆಂಡತಿ ಎವ್ದೋಕಿಯಾ ಕೂಡ ಅದೇ ಇಲಾಖೆಯ ಕ್ಯಾಪ್ಟನ್. ಮಾಸ್ಕೋದಿಂದ ಬರೋ ಗುಪ್ತಲಿಪಿ ಬಿಡಿಸೋದೂ ಕಚೇರಿಯ ಲೆಕ್ಕಪತ್ರ ನೋಡೋದೂ ಅವಳದೇ. ಕಸುಬಿನಲ್ಲಿ ಗಂಡನಿಗಿಂತ ಆಕೆಯೇ ಒಂದು ಕೈ ಮೇಲು ಅಂತ ನನ್ನ ಲೆಕ್ಕ. ಅವನಿಗೋ, ಸಿಡ್ನಿಗೆ ಹೋದರೆ ಕಿಂಗ್ಸ್ ಕ್ರಾಸ್ ಬಡಾವಣೆಯ ಗುಂಡು ಪಾರ್ಟಿಯೇ ಮುಖ್ಯ.

ಅಂಥಾ ಓಡಾಟದಲ್ಲೇ ಗಂಟುಬಿದ್ದವನು ಮೈಕೆಲ್ ಬಿಯಾಲೋಗುಸ್ಕಿ. ಪೋಲೆಂಡಿನಿಂದ ಬಂದ ಡಾಕ್ಟರು. ಸಿಡ್ನಿ ಸಿಂಫನಿಯಲ್ಲಿ ಪಿಟೀಲು ನುಡಿಸ್ತಿದ್ದ. ಸಾಲದ್ದಕ್ಕೆ ಆಸ್ಟ್ರೇಲಿಯಾದ ಗುಪ್ತಚರ ಸಂಸ್ಥೆ ಏಸಿಯೋಗೆ ಸುದ್ದಿ ಮುಟ್ಟಿಸ್ತಿದ್ದ. ಪೆಟ್ರೋವ್‌ಗೆ ಕಣ್ಣಿನ ತೊಂದರೆ ಬಂದರೆ ತಜ್ಞರ ಹತ್ತಿರ ಕಳಿಸಿದ, ಬೇಕಾದಾಗ ಜೊತೆಗೆ ಕುಡಿದ, ಕೊನೆಗೆ ಊರಾಚೆ ಮಾರಾಟಕ್ಕಿದ್ದ ಒಂದು ಕೋಳಿ ಫಾರಂ ತೋರಿಸಿಕೊಂಡು ಬಂದ. ಸೋವಿಯತ್ ಸಾಮ್ರಾಜ್ಯದ ಕರ್ನಲ್ ಒಬ್ಬ ಕೋಳಿ ಸಾಕಿಕೊಂಡು ಹಾಯಾಗಿರೋಣ ಅಂತ ಆಸೆಪಟ್ಟ ಅಂದರೆ ನಗು ಬರುತ್ತೆ. ನನಗೇನೋ ಇಡೀ ಪ್ರಕರಣದಲ್ಲಿ ಅದೊಂದೇ ನೆಟ್ಟಗಿನ ಆಸೆ ಅನ್ನಿಸುತ್ತೆ.

ಆಸೆ ಒಂದು ಕಡೆ, ಹೆದರಿಕೆ ಇನ್ನೊಂದು ಕಡೆ. 1953ರಲ್ಲಿ ಸ್ಟಾಲಿನ್ ಸತ್ತ. ಗುಪ್ತ ಪೊಲೀಸರ ದೊರೆ ಬೆರಿಯಾನನ್ನು ಅದೇ ವರ್ಷ ಹಿಡಿದು ಕೊಂದರು. ಇಲ್ಲಿ ಕ್ಯಾನ್‌ಬೆರಾದಲ್ಲಿ ರಾಯಭಾರಿಗೂ ಪೆಟ್ರೋವ್ ದಂಪತಿಗೂ ಮೊದಲಿಂದ ಆಗಿಬರ್ತಿರಲಿಲ್ಲ. ಈಗ ಇವರು ಬೆರಿಯಾನ ಕಡೆಯವರು ಅಂತ ಚಾಡಿ ಹೋಯಿತು. ಎವ್ದೋಕಿಯಾ ತನ್ನ ಮೇಜಿನ ಗಾಜಿನಡಿ ಸ್ಟಾಲಿನ್ ಚಿತ್ರದ ಹತ್ತಿರ ನಾಯಿಯ ತಮಾಷೆ ಚಿತ್ರ ಇಟ್ಟಿದ್ದಾಳೆ ಅನ್ನೋದೂ ಒಂದು ದೂರು! ನಗಬೇಡಿ, ಅಂಥಾ ದೂರಿಗೆ ಜನ ಸೈಬೀರಿಯಾ ಸೇರಿದ ಕಾಲ ಅದು. ಆಕೆಗೆ ಇದು ಕೇಳಿದ ಮಾತಲ್ಲ, ಬಾಳಿದ ಬಾಳು. ಆಕೆಯ ಮೊದಲ ಗಂಡನನ್ನು ಸ್ಟಾಲಿನ್ ಕಾಲದ ಧರಪಕಡಿನಲ್ಲಿ ಹಿಡಿದು ಶಿಬಿರಕ್ಕೆ ಅಟ್ಟಿದ್ದರು. ಆ ಮದುವೆಯ ಮಗಳು ಚಿಕ್ಕ ವಯಸ್ಸಲ್ಲೇ ತೀರಿಕೊಂಡಿದ್ದಳು.

ಏಪ್ರಿಲ್ 3ರಂದು ಪೆಟ್ರೋವ್ ಸಿಡ್ನಿಯಲ್ಲಿ ಏಸಿಯೋ ಜೊತೆ ಹೊರಟುಹೋದ. ಕಚೇರಿಯ ಕಾಗದಪತ್ರ ಕೊಟ್ಟ, 5,000 ಪೌಂಡ್ ತಗೊಂಡ. ಹೆಂಡತಿಗೆ ಮಾತ್ರ ಒಂದು ಮಾತು ಹೇಳಲಿಲ್ಲ. ಗೊತ್ತಿಲ್ಲದಿದ್ದರೇ ಅವಳಿಗೆ ಕ್ಷೇಮ ಅಂತ ಅವನ ಪರ ವಾದಿಸೋರಿದ್ದಾರೆ. ವಾದ ಏನೇ ಇರಲಿ, ಸಿಕ್ಕಿಹಾಕಿಕೊಂಡವಳು ಅವಳು. ರಾಯಭಾರ ಕಚೇರಿಯವರು ಆಕೆಯನ್ನು ಮನೆಯಿಂದ ತಮ್ಮ ಆವರಣಕ್ಕೆ ತಂದು ಕಾವಲಿಟ್ಟರು. ಗಂಡನನ್ನು ಅಪಹರಿಸಿದ್ದಾರೆ ಅಂದರು. 13ರಂದು ಪ್ರಧಾನಿ ಮೆನ್ಜೀಸ್ ಸಂಸತ್ತಿನಲ್ಲಿ ವಿಷಯ ಬಯಲು ಮಾಡಿದ ಮೇಲೆ ಮಾಸ್ಕೋದಿಂದ ಕಾರ್ಪಿನ್ಸ್ಕಿ, ಜಾರ್ಕೊವ್ ಅಂತ ಇಬ್ಬರು ಗಟ್ಟಿಗರು ಬಂದಿಳಿದರು, ಆಕೆಯನ್ನು ಕರೆದೊಯ್ಯೋಕೆ.

ಏಪ್ರಿಲ್ 19ರ ರಾತ್ರಿ ಸಿಡ್ನಿ ವಿಮಾನ ನಿಲ್ದಾಣದಲ್ಲಿ ಜನ ಜಮಾಯಿಸಿದ್ದರು. ಹೆಚ್ಚಿನವರು ಪೂರ್ವ ಯೂರೋಪಿನಿಂದ ಓಡಿಬಂದವರು. ರಷ್ಯಾಕ್ಕೆ ವಾಪಸು ಹೋದರೆ ಏನಾಗುತ್ತೆ ಅಂತ ಬಲ್ಲವರು. ಕಳಿಸಬೇಡಿ ಅಂತ ಕೂಗ್ತಾ ವಿಮಾನದ ಮೆಟ್ಟಿಲಿಗೇ ಮುತ್ತಿದರು. ಇಬ್ಬರು ಗಂಡಸರು ಆಚೆಈಚೆ ತೋಳು ಹಿಡಿದು ಎಳೀತಿದ್ದಾರೆ, ಆಕೆಯ ಮುಖ ಅಳುವಿನಲ್ಲಿ ಕಿವುಚಿಹೋಗಿದೆ. ಮರುದಿನ ಪತ್ರಿಕೆಗಳಲ್ಲಿ ಬಂದ ಆ ಫೋಟೋ ಇವತ್ತಿಗೂ ಆಸ್ಟ್ರೇಲಿಯಾದವರಿಗೆ ನೆನಪಿದೆ. ಆ ನೂಕುನುಗ್ಗಲಲ್ಲಿ ಕೆಂಪು ಷೂ ಒಂದು ಕಳಚಿಬಿತ್ತು. ಆಕೆ ಒಂಟಿ ಷೂನಲ್ಲೇ ವಿಮಾನ ಹತ್ತಿದಳು.

ವಿಮಾನದಲ್ಲಿ ಗಗನಸಖಿ ಆಕೆಯನ್ನು ಮೆಲ್ಲಗೆ ಮಾತಿಗೆಳೆದಳು. ಉಳಿಯೋ ಮನಸ್ಸಿದೆ, ಭಯವೂ ಇದೆ, ಕಾವಲಿನವರ ಹತ್ತಿರ ಪಿಸ್ತೂಲಿದೆ ಅನ್ನೋದು ಕ್ಯಾಪ್ಟನ್ ಮೂಲಕ ರೇಡಿಯೊದಲ್ಲಿ ಸರ್ಕಾರಕ್ಕೆ ಮುಟ್ಟಿತು. ಬೆಳಕು ಹರಿಯೋ ಮುಂಚೆ ಡಾರ್ವಿನ್‌ನಲ್ಲಿ ಇಂಧನ ತುಂಬಿಸಲು ಇಳಿದಾಗ ಪೊಲೀಸರು ಕಾದಿದ್ದರು. ವಿಮಾನದಲ್ಲಿ ಆಯುಧ ಒಯ್ಯುವಂತಿಲ್ಲ ಅನ್ನೋ ಕಾನೂನು ಮುಂದಿಟ್ಟು ಇಬ್ಬರನ್ನೂ ತಡಕಿದರು. ಒಬ್ಬ ಒದ್ದಾಡಿದ, ಅವನ ಕತ್ತನ್ನೇ ಅಮುಕಿ ಹಿಡಿದರು.

ಆಮೇಲೆ ಅಲ್ಲಿನ ಹಿರಿಯ ಅಧಿಕಾರಿ ಲೇಡಿನ್ ಆಕೆಯನ್ನು ಕೇಳಿದರು: ಇಲ್ಲೇ ಇರ್ತೀರಾ?

ಯಾರಾದರೂ ತಕ್ಷಣ ಹೂಂ ಅಂತಾರೆ ಅಂದ್ಕೊಳ್ತೀವಿ. ಆಕೆ ಅನ್ನಲಿಲ್ಲ. ಮಾಸ್ಕೋದಲ್ಲಿ ಅಪ್ಪ, ಅಮ್ಮ, ತಂಗಿ ತಮಾರಾ. ತಾನು ಉಳಿದರೆ ಆ ಮೂವರ ಗತಿ? ಗಂಡ ನಿಜಕ್ಕೂ ಬದುಕಿದ್ದಾನೋ ಇಲ್ಲವೋ? ಹೊತ್ತೇರಿತು, ವಿಮಾನ ಹೊರಡೋ ಗಳಿಗೆ ಹತ್ತಿರವಾಯಿತು. ಅಷ್ಟರಲ್ಲಿ ಪೆಟ್ರೋವ್‌ನ ಫೋನು ಬಂತು. ಪಕ್ಕದಲ್ಲೇ, ಅದೇ ವಿಮಾನದಲ್ಲಿ ಬಂದಿದ್ದ ರಾಯಭಾರ ಕಚೇರಿಯ ಕಿಸ್ಲಿತ್ಸಿನ್ ನಿಂತಿದ್ದ. ಬಾಯಿಬಿಟ್ಟು ಏನು ಹೇಳೋಕಾಗುತ್ತೆ? ಮಾತು ಮುಗಿಸಿ ಫೋನು ಇಟ್ಟಳು. ಲೇಡಿನ್ ಜೊತೆ ಬೇರೆ ಕೋಣೆಗೆ ಹೋಗಿ, ಉಳೀತೀನಿ ಅಂದಳು. ವಿಮಾನ ಆಕೆಯನ್ನು ಬಿಟ್ಟು ಹಾರಿತು.

ಮುಂದಿನ ರಾಜಕೀಯ ಉದ್ದ ಇದೆ, ಚುಟುಕಾಗಿ ಮುಗಿಸ್ತೀನಿ. ಮಾಸ್ಕೋ ಸಂಬಂಧ ಕಡಿದುಕೊಂಡಿತು, ಮತ್ತೆ ಕೂಡಿದ್ದು 1959ರಲ್ಲಿ. ಮೇ ತಿಂಗಳ ಚುನಾವಣೆಯಲ್ಲಿ ಮೆನ್ಜೀಸ್ ಗೆದ್ದರು. ಇದೆಲ್ಲ ತನ್ನನ್ನು ಸೋಲಿಸೋಕೆ ಹೂಡಿದ ಆಟ ಅಂತ ನಂಬಿದ ಲೇಬರ್ ನಾಯಕ ಎವಟ್, ಪೆಟ್ರೋವ್ ಕಾಗದಗಳು ಅಸಲಿಯೋ ನಕಲಿಯೋ ಅಂತ ರಷ್ಯಾದ ವಿದೇಶಾಂಗ ಮಂತ್ರಿ ಮೊಲೊಟೊವ್‌ಗೇ ಪತ್ರ ಬರೆದು ಕೇಳಿದರು. ಅದನ್ನು ಸಂಸತ್ತಿನಲ್ಲಿ ಓದಿ ಹೇಳಿದಾಗ ಸದನ ಗೊಳ್ಳೆಂದಿತು. ಪಕ್ಷ ಒಡೆಯಿತು, ಅಧಿಕಾರ ಕಂಡದ್ದು 1972ರಲ್ಲಿ. ಇಷ್ಟೆಲ್ಲ ಆಗಿ, ಇದರ ತನಿಖೆಗೆ ಸರ್ಕಾರ ನೇಮಿಸಿದ ರಾಯಲ್ ಕಮಿಷನ್ ತಿಂಗಳುಗಟ್ಟಲೆ ವಿಚಾರಣೆ ನಡೆಸಿಯೂ ಒಬ್ಬನ ಮೇಲೂ ಬೇಹುಗಾರಿಕೆಯ ಮೊಕದ್ದಮೆ ಹೂಡಲಿಲ್ಲ.

ಗಂಡ ಹೆಂಡಿರು ಆಲಿಸನ್ ಅನ್ನೋ ಹೊಸ ಹೆಸರಿನಲ್ಲಿ ಮೆಲ್ಬರ್ನ್‌ನ ಬೆಂಟ್ಲಿ ಬಡಾವಣೆಯಲ್ಲಿ ಬದುಕಿದರು. ಅವನು ಫೋಟೋ ತೊಳೆಯೋ ಕೆಲಸಕ್ಕೆ ಸೇರಿದ, ಅವಳು ಟೈಪಿಸ್ಟ್ ಆದಳು. ಕೋಳಿ ಫಾರಂ ಮಾತು ಅಲ್ಲಿಗೇ ನಿಂತಿತು. ಅವನು 1991ರಲ್ಲಿ ತೀರಿಕೊಂಡ, ಅವಳು 2002ರಲ್ಲಿ. 5,000 ಪೌಂಡ್ ಅವನಿಗೆ ಸಿಕ್ಕ ಬೆಲೆ ಅಂತ ಪುಸ್ತಕಗಳಲ್ಲಿದೆ. ಅವಳು ತೆತ್ತದ್ದರ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಅಮ್ಮನ ಮುಖ ಮತ್ತೆ ನೋಡಲಿಲ್ಲ. ತಮಾರಾ ಬಂದಳು, 1990ರಲ್ಲಿ, ಅಷ್ಟು ಹೊತ್ತಿಗೆ ಅಕ್ಕ ತಂಗಿ ಇಬ್ಬರಿಗೂ ವಯಸ್ಸಾಗಿತ್ತು.