ತಾರೀಖು ಕೇಳುವ ಹುಡುಗಿ

ಕಾಲೇಜಿನಲ್ಲಿ ಎಲ್‌ಜಿಬಿಟಿ ಅಧ್ಯಯನ ಎಂಬ ವಿಷಯವೊಂದಿದೆ ಎಂದರೆ ಮೊದಲು ಬರುವ ಪ್ರಶ್ನೆ, "ಅದರಲ್ಲಿ ಓದೋಕೆ ಏನಿದೆ?" ಬೆಂಗಳೂರಿನಲ್ಲಿ ಎಂ.ಎ. ಓದುತ್ತಿರುವ ನನ್ನ ತಂಗಿಯ ಮಗಳು ಇದನ್ನು ಐಚ್ಛಿಕವಾಗಿ ಆರಿಸಿಕೊಂಡಾಗ ಮನೆಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ನಾನು ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಭಾನುವಾರ ರಾತ್ರಿ ಅವಳ ಫೋನು ಬಂತೆಂದರೆ ಮಾತು ಬೇಗ ಮುಗಿಯುವುದಿಲ್ಲ. ಅವಳ ಪಠ್ಯದ ಅರ್ಧ ನನಗೂ ಹೀಗೇ ಪಾಠವಾಗಿದೆ. ಅವಳು ಕಲಿತದ್ದರಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಕಾಣುವುದು ಒಂದು ಅಭ್ಯಾಸ. ಯಾರಾದರೂ "ಇದೆಲ್ಲ ಹಿಂದಿನಿಂದ ಹೀಗೇ ಬಂದದ್ದು" ಎಂದರೆ ಅವಳು ತಾರೀಖು ಕೇಳುತ್ತಾಳೆ.

ಸಲಿಂಗ ಸಂಬಂಧವನ್ನು ಅಪರಾಧವೆಂದ 377ನೆಯ ಕಲಂ ನಮ್ಮ ಸಂಪ್ರದಾಯದಿಂದಲೇ ಬಂದದ್ದು ಎಂದು ನಂಬಿದವರು ಎಷ್ಟೋ ಜನ. ಅದರ ತಾರೀಖು 1860. ಬ್ರಿಟಿಷರ ದಂಡ ಸಂಹಿತೆಯದು, ಮೆಕಾಲೆಯ ಕಾಲದಲ್ಲಿ ಕರಡಾದದ್ದು. 2009ರಲ್ಲಿ ದೆಹಲಿ ಹೈಕೋರ್ಟು ಅದನ್ನು ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಗಿ ಮಾಡಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ವಯಸ್ಕರಿಬ್ಬರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದಿತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಕಾನೂನು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದರ ಎರಡನೆಯ ಭಾಗ ಇದ್ದದ್ದು ಹಿಜ್ರಾ ಸಮುದಾಯದ ಮೇಲೆ. ಉತ್ತರ ಭಾರತದಲ್ಲಿ ಅವರ ಹೆಸರು, ವಾಸದ ಮನೆ, ಆಸ್ತಿ ಎಲ್ಲವೂ ರಿಜಿಸ್ಟರಿಗೆ ಹೋದವು. ಹಾಗೆ ಹೆಸರು ಬಿದ್ದವರು ಹೆಂಗಸರ ಉಡುಗೆಯಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೆ, ಕಾಸು ಪಡೆದು ಕುಣಿದರೆ, ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ನಿಜಾಮರ ಹೈದರಾಬಾದಿನಲ್ಲೂ ಇಂಥದೇ ಒಂದು ಕಾನೂನು 1919ರಲ್ಲಿ ಬಂತು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅದೇ ಸೀಮೆಗೆ ಸೇರಿದ್ದವು. ಅದನ್ನು ತೆಲಂಗಾಣ ಹೈಕೋರ್ಟು ರದ್ದು ಮಾಡಿದ್ದು 2023ರಲ್ಲಿ!

ಸರಿ, ಪರದೇಶದವರು, ನಿಜಾಮರು ಮಾಡಿದರು ಅನ್ನೋಣ. "ದೊಡ್ಡಮ್ಮಾ, 2011ರದ್ದು ಯಾರು ಮಾಡಿದ್ದು ಹೇಳಿ?" ಎಂದಳು ಹುಡುಗಿ. ಆ ವರ್ಷ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿತು. ಅನುಮಾನ ಬಂದ ಮಂಗಳಮುಖಿಯರ ಹೆಸರು, ವಿಳಾಸ ಬರೆದಿಡುವ ಅಧಿಕಾರ ಪೊಲೀಸರಿಗೆ. 1871ರ ರಿಜಿಸ್ಟರೇ ಮತ್ತೆ ಮೇಜಿನ ಮೇಲೆ ಬಂದ ಹಾಗಾಯಿತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಕಲಂ ತಿದ್ದಿ, ಅವರನ್ನು ಹೆಸರಿಸುತ್ತಿದ್ದ ಮಾತನ್ನು ತೆಗೆದುಹಾಕಿತು. ಅದೇ ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯವಾಯಿತು. ಅದೇ ವರ್ಷ ನವೆಂಬರಿನಲ್ಲಿ ಜೋಗತಿ ನೃತ್ಯದ ಕಲಾವಿದೆ, ಮಂಗಳಮುಖಿ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯಲು ಹೋಗಿ, ರಾಷ್ಟ್ರಪತಿಗಳ ಮುಂದೆ ಸೀರೆಯ ಸೆರಗು ಹಿಡಿದು ದೃಷ್ಟಿ ತೆಗೆದರು. ಹೆಂಗಸರ ಉಡುಗೆ ಉಟ್ಟು ಕುಣಿಯುವುದನ್ನು ಅಪರಾಧ ಮಾಡಿ ಸರಿಯಾಗಿ 150 ವರ್ಷ. ಈ ಲೆಕ್ಕ ಹಾಕಿ ತೋರಿಸಿದ್ದು ನಮ್ಮ ಹುಡುಗಿಯೇ. ಇತಿಹಾಸದ ಮೇಡಮ್ಮಿಗೆ ಅದಕ್ಕಿಂತ ಖುಷಿ ಬೇರೆ ಬೇಕೆ?

ಕಾನೂನಿಗೆ ತಾರೀಖು ಇರುವುದು ಸಹಜ. ರೋಗಕ್ಕೂ ಇರುತ್ತದೆ ಎಂಬುದನ್ನು ತೋರಿಸಿದ್ದು ಈವ್ಲಿನ್ ಹೂಕರ್ ಎಂಬ ಮನಶ್ಶಾಸ್ತ್ರಜ್ಞೆಯ ಕಥೆ. 1940ರ ದಶಕದ ಲಾಸ್ ಏಂಜಲೀಸ್. ಸಲಿಂಗಿಗಳೆಂದರೆ ಮನೋರೋಗಿಗಳು ಎಂದು ವೈದ್ಯರೆಲ್ಲ ಒಪ್ಪಿದ್ದ ಕಾಲ. ಹೂಕರ್ ಅವರ ವಿದ್ಯಾರ್ಥಿ ಸ್ಯಾಮ್ ಫ್ರಾಮ್ ತನ್ನ ಗೆಳೆಯರನ್ನೆಲ್ಲ ಪರಿಚಯ ಮಾಡಿಸಿ, ನಮ್ಮಂಥವರನ್ನು ಅಧ್ಯಯನ ಮಾಡುವುದು ನಿಮ್ಮ ಕರ್ತವ್ಯ ಎಂದು ಪಟ್ಟು ಹಿಡಿದ. ಅಲ್ಲಿಯವರೆಗೆ ವೈದ್ಯರು ನೋಡಿದ್ದು ಜೈಲಿನಲ್ಲಿದ್ದವರನ್ನು, ಆಸ್ಪತ್ರೆಗೆ ಬಂದವರನ್ನು ಮಾತ್ರ. ಹೂಕರ್ ಸಾಮಾನ್ಯವಾಗಿ ಬದುಕುತ್ತಿದ್ದ 30 ಸಲಿಂಗಿ ಗಂಡಸರನ್ನೂ, ವಯಸ್ಸು, ಬುದ್ಧಿಮಟ್ಟ, ಓದಿನಲ್ಲಿ ಅವರಿಗೆ ಸರಿಹೊಂದುವ 30 ಇತರರನ್ನೂ ಆರಿಸಿಕೊಂಡರು. ಕ್ಯಾಂಪಸ್ಸಿಗೆ ಬಂದರೆ ಗುಟ್ಟು ರಟ್ಟಾಗುವ ಭಯ. ಕೆಲಸ ಹೋಗಬಹುದು, ಪೊಲೀಸರು ಬರಬಹುದು. ಹಾಗಾಗಿ ತಮ್ಮ ಮನೆಯ ತೋಟದ ಕೋಣೆಯಲ್ಲೇ ಕೂರಿಸಿಕೊಂಡು, ಶಾಯಿ ಚೆಲ್ಲಿದಂತಿರುವ ರೋರ್ಷಾಕ್ ಚಿತ್ರಗಳನ್ನು ತೋರಿಸಿ ಅವರು ಹೇಳಿದ್ದನ್ನು ಬರೆದುಕೊಂಡರು. ಆಮೇಲೆ ಹೆಸರು ಗುರುತು ಯಾವುದೂ ಇಲ್ಲದ ಆ ಉತ್ತರಗಳನ್ನು ಈ ವಿದ್ಯೆಯಲ್ಲಿ ಹೆಸರಾದ ಪರಿಣತರ ಕೈಗಿಟ್ಟು, ಇವರಲ್ಲಿ ಸಲಿಂಗಿಗಳು ಯಾರು ಹೇಳಿ ಎಂದರು. ಹೇಳಲಾಗಲಿಲ್ಲ. ಕಣ್ಣು ಮುಚ್ಚಿ ಊಹಿಸಿದರೆ ಎಷ್ಟು ಸರಿಯಾಗುತ್ತಿತ್ತೋ ಅಷ್ಟೇ. 1957ರಲ್ಲಿ ಆ ಪ್ರಬಂಧ ಅಚ್ಚಾಯಿತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಪಟ್ಟಿಯಿಂದ ಸಲಿಂಗತನವನ್ನು ತೆಗೆಯಿತು. ಈ ಕಥೆ ಹೇಳುವಾಗ ನನಗೆ ಹೂಕರ್ ಅವರಿಗಿಂತ ಹೆಚ್ಚು ಇಷ್ಟವಾಗುವವನು ಸ್ಯಾಮ್. ಮೇಷ್ಟ್ರಿಗೆ ಪಾಠ ಹೇಳುವ ಧೈರ್ಯ ಎಲ್ಲ ತರಗತಿಯಲ್ಲೂ ಇರುವುದಿಲ್ಲ.

ಕಲಿಯುವ ಧೈರ್ಯವೂ ಅಷ್ಟೇ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ 2021ರಲ್ಲಿ ಮನೆಯವರಿಗೆ ಹೆದರಿ ಓಡಿಬಂದ ಇಬ್ಬರು ಯುವತಿಯರ ಪ್ರಕರಣ ಬಂತು. ತಮಗೆ ಈ ವಿಷಯ ತಿಳಿದಿಲ್ಲವೆಂದು ಅವರು ತೆರೆದ ಮನಸ್ಸಿನಿಂದ ಹೇಳಿ, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕೂತು ತಿಳಿದುಕೊಂಡು, ಆಮೇಲೆ ತೀರ್ಪು ಬರೆದರು. ಸಲಿಂಗಿಗಳನ್ನು "ಸರಿಪಡಿಸುವ" ಚಿಕಿತ್ಸೆಗಳಿಗೆ ನಿಷೇಧ ಹಾಕಿದ ತೀರ್ಪು ಅದು. ಆ ಪ್ರಕರಣದ ಮುಂದುವರಿಕೆಯಲ್ಲಿ ವೈದ್ಯಕೀಯ ಪಠ್ಯಗಳನ್ನು ತಿದ್ದುವ ಮಾತೂ ಬಂತು. ಆದರೂ 2024ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ಪಠ್ಯಕ್ರಮದಲ್ಲಿ ಹೆಣ್ಣುಹೆಣ್ಣಿನ ಸಂಬಂಧ "ಅಸಹಜ ಅಪರಾಧ"ಗಳ ಸಾಲಿಗೆ ಮತ್ತೆ ಸೇರಿ, ಪ್ರತಿಭಟನೆ ಎದ್ದ ಮೇಲೆ ಆಯೋಗ ಅದನ್ನು ವಾಪಸು ತೆಗೆದುಕೊಳ್ಳಬೇಕಾಯಿತು. ನಾಳೆ ನಮ್ಮ ನಾಡಿ ಹಿಡಿಯುವ ಮಕ್ಕಳು ಓದುವ ಪುಟವಿದು. ಇಂಥದರಲ್ಲಿ ಅಲಕ್ಷ್ಯ ಸಲ್ಲದು.

ಮಾತು ಎಲ್ಲಿಗೋ ಹೋಯಿತು, ಆದರೆ ಶಕುಂತಲಾ ದೇವಿಯವರನ್ನು ಬಿಟ್ಟು ಹೇಗೆ ಮುಗಿಸಲಿ? ಬೆಂಗಳೂರಿನಲ್ಲಿ ಹುಟ್ಟಿದ ಗಣಿತದ ಮೇಧಾವಿ, ಕಂಪ್ಯೂಟರಿಗೆ ಸವಾಲಾದ ಹೆಂಗಸು ಎಂದು ನಾವೆಲ್ಲ ಹೆಮ್ಮೆಪಟ್ಟವರೇ. ಆಕೆ 1977ರಲ್ಲೇ ಸಲಿಂಗಿಗಳ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದಿಡೀ ಪುಸ್ತಕ ಬರೆದಿದ್ದರು. ಸಲಿಂಗಿಗಳೊಂದಿಗೂ ಒಬ್ಬ ಅರ್ಚಕರೊಂದಿಗೂ ನಡೆಸಿದ ಸಂದರ್ಶನಗಳು ಅದರಲ್ಲಿವೆ. ಸಹಿಸಿಕೊಂಡರೆ ಸಾಲದು, ಪೂರ್ತಿ ಒಪ್ಪಿಕೊಳ್ಳಬೇಕು ಎಂಬ ವಾದವಿದೆ. ಆಕೆಯ ಗುಣಾಕಾರಗಳನ್ನು ನೆನಪಿಟ್ಟುಕೊಂಡ ನಾಡು ಈ ಪುಸ್ತಕವನ್ನು ಮರೆತದ್ದು ನನಗೆ ಬಹಳ ಬೇಸರದ ಸಂಗತಿ.

ಹುಡುಗಿಗೆ ತನ್ನ ಪಠ್ಯದ ಮೇಲೆ ಒಂದು ದೂರೂ ಇದೆ. ನ್ಯೂಯಾರ್ಕಿನಿಂದ ಹೊರಟು ನೇರ ದೆಹಲಿಗೆ ಇಳಿಯುತ್ತದಂತೆ, ಕನ್ನಡ ಕಾಣಿಸುವುದೇ ಇಲ್ಲ. ನ್ಯಾಯವಾದ ದೂರು. ವಸುಧೇಂದ್ರರ 'ಮೋಹನಸ್ವಾಮಿ' ನಮ್ಮಲ್ಲಿದೆ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ 'ಬದುಕು ಬಯಲು' ಎಂದು ಕನ್ನಡಕ್ಕೆ ತಂದಿದ್ದಾರೆ. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿದೆ. ಮಂಜಮ್ಮನವರು ಹೇಳಿ ಅರುಣ್ ಜೋಳದಕೂಡ್ಲಿಗಿ ಬರೆದ 'ನಡುವೆ ಸುಳಿವ ಹೆಣ್ಣು' ಇದೆ. ಇವನ್ನೆಲ್ಲ ಸೇರಿಸಿ ಅಧ್ಯಾಪಕರಿಗೆ ಅರ್ಜಿ ಕೊಟ್ಟಿದ್ದಾಳೆ. ಪ್ರಾಜೆಕ್ಟಿಗೆ ಎಲ್ಲಮ್ಮನ ಸೇವೆಯ ಜೋಗಪ್ಪಗಳ ಹಾಡುಗಾರಿಕೆಯನ್ನು ಆರಿಸಿಕೊಂಡಿದ್ದಾಳೆ. ಭಾರತ ಹುಣ್ಣಿಮೆಗೆ ಸವದತ್ತಿಗೆ ಹೋಗಬೇಕಂತೆ. ರೆಕಾರ್ಡ್ ಮಾಡುವ ಮೊದಲು ಅವರ ಒಪ್ಪಿಗೆ ಕೇಳು, ಹಾಡಿಗೆ ಸಂಭಾವನೆ ಕೊಡು, ಬರೆದದ್ದನ್ನು ಅವರಿಗೇ ಓದಿ ತೋರಿಸು ಎಂದಿದ್ದೇನೆ. ಜೊತೆಗೆ ನಾನೂ ಹೊರಟಿದ್ದೇನೆ. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಬಸ್ಸು.